ಹೊಸ ತರಬೇತುದಾರನಿಗೆ ಎಷ್ಟು ವರ್ಷ?

ಕಾಲೇಜಿನ ತಂಡ ಪಂದ್ಯಾಟದಲ್ಲಿ ಸೋತು ಬಂದ ಮರುದಿನ ಊರಲ್ಲಿ ನಡೆಯುವ ಮಾತುಕತೆಗೆ ಕಿವಿಗೊಟ್ಟವರಿಗೆ ಒಂದು ಸಂಗತಿ ಹೊಳೆಯದೆ ಇರದು. ಆಟಗಾರರನ್ನು ಯಾರೂ ಬಯ್ಯುವುದಿಲ್ಲ. ಅವರು ನಮ್ಮ ಮನೆಯ ಹುಡುಗರು. ಮೈದಾನವನ್ನೂ ಬಯ್ಯುವುದಿಲ್ಲ, ಅದು ಸರಿಯಾಗಿ ಇದ್ದರೆ ತಾನೆ ಬಯ್ಯುವ ಮಾತು! ಆಡಳಿತ ಮಂಡಳಿಯನ್ನು ಬಯ್ಯುವ ಧೈರ್ಯ ಎಲ್ಲರಿಗೂ ಬಾರದು. ಕೊನೆಗೆ ಉಳಿಯುವವನು ಒಬ್ಬನೇ, ಆ ವರ್ಷ ಹೊಸದಾಗಿ ಬಂದ ತರಬೇತುದಾರ. “ಹ್ವಾದ ವರ್ಷದ ಮಾಸ್ತರ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ” ಎಂಬ ತೀರ್ಪು ಚಹದ ಅಂಗಡಿಯಲ್ಲಿಯೇ ಹೊರಬೀಳುತ್ತದೆ. ಆ ಹೋದ ವರ್ಷದ ಮಾಸ್ತರರನ್ನು ಇದೇ ಅಂಗಡಿ, ಇದೇ ಬೆಂಚಿನ ಮೇಲೆ ಕುಳಿತು, ಇದೇ ಮಾತಿನಿಂದ ಕಳಿಸಿಕೊಟ್ಟಿತ್ತೆಂಬುದು ಯಾರ ನೆನಪಿಗೂ ಬರುವುದಿಲ್ಲ.

ಹೊಸದಾಗಿ ಬಂದ ತರಬೇತುದಾರನಿಗೆ ಯಶಸ್ಸು ಗಳಿಸಲು ಎಷ್ಟು ಕಾಲ ಕೊಡಬೇಕು? ಒಂದು ವರ್ಷವೆ, ಮೂರು ವರ್ಷವೆ, ಹತ್ತು ವರ್ಷವೆ? ಇದು ಬರಿಯ ಆಟದ ಪ್ರಶ್ನೆಯೆಂದು ಸಾಹಿತ್ಯಾಭಿಮಾನಿಗಳಾದ ವಾಚಕರು ಪುಟ ಮಗುಚಬಾರದು. ಮನುಷ್ಯನ ಕೆಲಸವನ್ನು ಅಳೆಯುವುದು ಹೇಗೆ, ಯಾವಾಗ ಅಳೆಯುವುದು ಎಂಬ ದೊಡ್ಡ ಪ್ರಶ್ನೆ ಇದರ ಬೆನ್ನಿಗಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕು ಊರುಗಳ ಸುತ್ತಿನಲ್ಲಿಯೇ ನನ್ನ ಅಧ್ಯಾಪನದ ಬಹುಪಾಲು ವರ್ಷಗಳು ಕಳೆದಿವೆ. ನಾನು ಕಲಿಸಿದುದು ಕನ್ನಡವನ್ನು, ಆಟವನ್ನಲ್ಲ. ಆದರೆ ಬೆಳಗಿನ ಮೊದಲ ತಾಸಿಗೆ ಮೈದಾನದಿಂದ ನೇರವಾಗಿ ಬಂದು ಕೂಡುವ ಹುಡುಗರ ಮುಖಗಳನ್ನು ವರ್ಷವರ್ಷವೂ ನೋಡಿದ್ದೇನೆ. ಆ ಮುಖಗಳು ಕಲಿಸಿದುದನ್ನು ಇಲ್ಲಿ ಬರೆಯಹೊರಟಿದ್ದೇನೆ.

ಮೊದಲು ಕಾಲೇಜು ಎಂಬುದರ ಸ್ವಭಾವವನ್ನು ತಿಳಿಯಬೇಕು. ಊರಿನ ತಂಡದಲ್ಲಿ ಒಬ್ಬ ಆಟಗಾರ ಹತ್ತು ವರ್ಷ ಆಡಬಹುದು. ಕಾಲೇಜಿನ ತಂಡದಲ್ಲಿ ಅದು ಸಾಧ್ಯವಿಲ್ಲ. ನಮ್ಮಲ್ಲಿ ಪದವಿಯ ಅವಧಿ ಮೂರು ವರ್ಷ. 2021-22ರಲ್ಲಿ ನಾಲ್ಕು ವರ್ಷದ ಪದವಿಯ ಏರ್ಪಾಡು ಬಂದಿತಾದರೂ 2024-25ರಿಂದ ಮತ್ತೆ ಮೂರು ವರ್ಷದ್ದೇ ನಿಂತಿತು. ಆದುದರಿಂದ ತರಬೇತುದಾರನು ಕೈಯಲ್ಲಿ ಹಿಡಿದಿರುವುದು ಹರಿಯುವ ನೀರು. ಹುಡುಗನಿಗೆ ಚೆಂಡಿನ ಹದ ತಿಳಿಯಿತೆನ್ನುವಷ್ಟರಲ್ಲಿ ಅವನ ಕೈಗೆ ಪದವಿಪತ್ರ ಬಂದಿರುತ್ತದೆ.

ಬೆಟಗೇರಿಯ ಕೈಮಗ್ಗಗಳನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾದೀತು. ಬಟ್ಟೆಯಲ್ಲಿ ಹಾಸು ಒಂದು, ಹೊಕ್ಕು ಇನ್ನೊಂದು. ಹಾಸು ಮೊದಲೇ ಮಗ್ಗದ ಮೇಲೆ ಬಿಗಿದಿರುತ್ತದೆ. ನೇಕಾರನು ಲಾಳಿ ಎಸೆದು ಹೊಕ್ಕನ್ನು ಸೇರಿಸುತ್ತ ಹೋಗುತ್ತಾನೆ. ಒಬ್ಬನು ಅರ್ಧ ನೆಯ್ದು ಬಿಟ್ಟುಹೋದ ಮಗ್ಗದ ಮುಂದೆ ಇನ್ನೊಬ್ಬನು ಬಂದು ಕುಳಿತನೆಂದುಕೊಳ್ಳಿ. ಹಾಸಿನ ಎಳೆ, ಅದರ ಬಣ್ಣ, ಅದರ ಬಿಗಿ ಎಲ್ಲವೂ ಹಿಂದಿನವನವು. ಆ ಸೀರೆ ಮುಗಿದು ಹೊಸ ಹಾಸು ಏರುವ ತನಕ ಈ ಹೊಸಬನ ಕೈಗುಣ ಎಂಥದೆಂದು ಹೇಳಲು ಬರುವುದಿಲ್ಲ. ಸೀರೆ ಚೆನ್ನಾಗಿ ಬಂದರೂ ಹೊಗಳಿಕೆ ಪೂರ್ಣವಾಗಿ ಅವನದಲ್ಲ, ಕೆಟ್ಟರೂ ತೆಗಳಿಕೆ ಪೂರ್ಣವಾಗಿ ಅವನದಲ್ಲ.

ಈ ಲೆಕ್ಕವನ್ನು ಕಾಲೇಜಿಗೆ ಹಚ್ಚಿ ನೋಡೋಣ. ಮೊದಲ ವರ್ಷ ತಂಡದ ಬೆನ್ನೆಲುಬಾಗಿರುವವರು ಕೊನೆಯ ವರ್ಷದ ವಿದ್ಯಾರ್ಥಿಗಳು. ಅವರನ್ನು ಆರಿಸಿದವನು, ತಿದ್ದಿದವನು ಬೇರೊಬ್ಬ. ಎರಡನೆಯ ವರ್ಷ ತಂಡ ಅರ್ಧ ಹಳೆಯದು, ಅರ್ಧ ಹೊಸದು. ಹಳೆಯ ಅಭ್ಯಾಸಕ್ಕೂ ಹೊಸ ಅಭ್ಯಾಸಕ್ಕೂ ನಡುವೆ ಜಗ್ಗಾಟ ನಡೆದಿರುತ್ತದೆ. ಸೋಲು ಹೆಚ್ಚಾಗಿ ಕಾಣುವುದು ಈ ವರ್ಷವೇ. ಮೂರನೆಯ ವರ್ಷಕ್ಕೆ ಕಾಲೇಜಿನ ಎಲ್ಲ ವಿದ್ಯಾರ್ಥಿಗಳೂ ಈ ಒಬ್ಬ ತರಬೇತುದಾರನನ್ನೇ ಕಂಡವರಾಗಿರುತ್ತಾರೆ. ಆದರೆ ಅವನು ತಾನೇ ಹೈಸ್ಕೂಲು, ಜೂನಿಯರ್ ಕಾಲೇಜುಗಳ ಮೈದಾನಕ್ಕೆ ಹೋಗಿ ಕಣ್ಣಿಟ್ಟು ಕರೆತಂದ ಹುಡುಗರು ಒಳಗೆ ಬರುವುದು ಅವನ ಎರಡನೆಯ ವರ್ಷದಲ್ಲಿ. ಅವರು ಪಕ್ವವಾಗುವುದು ಅವನ ನಾಲ್ಕನೆಯ ವರ್ಷದಲ್ಲಿ. ಆದ್ದರಿಂದ ಅವನ ಕೆಲಸದ ಮೊದಲ ನಿಜವಾದ ಪರೀಕ್ಷೆ ಮೂರನೆಯ ವರ್ಷ, ಪೂರ್ಣ ಪರೀಕ್ಷೆ ನಾಲ್ಕನೆಯ ವರ್ಷ. ಇದಕ್ಕೆ ಮೊದಲು ಕೊಡುವ ಅಂತಿಮ ತೀರ್ಪು ಇನ್ನೊಬ್ಬನ ಉತ್ತರಪತ್ರಿಕೆಗೆ ಇವನ ಹೆಸರಿನಲ್ಲಿ ಅಂಕ ಹಾಕಿದಂತೆ.

“ಬಂದ ವರ್ಷವೇ ಗೆದ್ದು ತೋರಿಸಿದವರು ಇಲ್ಲವೆ?” ಎಂದು ಕೇಳುವವರಿದ್ದಾರೆ. ಇದ್ದಾರೆ, ಅಂಥವರಲ್ಲಿ ಒಬ್ಬರು ನಮ್ಮ ಗದುಗಿನವರೇ. 1970ರಲ್ಲಿ ಗದುಗಿನಲ್ಲಿ ಹುಟ್ಟಿದ ಸುನಿಲ್ ಜೋಶಿಯವರು ಬಾಲ್ಯದಲ್ಲಿ ಕ್ರಿಕೆಟ್ ಅಭ್ಯಾಸಕ್ಕೆಂದು ನಸುಕಿನಲ್ಲಿಯೇ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಮರಳಿ ಊರಿಗೆ ಬರುತ್ತಿದ್ದರು. ಹೋಗುವುದಕ್ಕೆ ಸುಮಾರು ಅರವತ್ತು ಕಿಲೋಮೀಟರು, ಬರುವುದಕ್ಕೆ ಮತ್ತಷ್ಟೇ. 1996ರಲ್ಲಿ ಅವರು ಭಾರತದ ಟೆಸ್ಟ್ ತಂಡವನ್ನು ಸೇರಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಬರಿಯ 6 ರನ್ನು ಕೊಟ್ಟು 5 ವಿಕೆಟ್ಟು ಕಿತ್ತರು. ಮುಂದೆ ತರಬೇತುದಾರರಾಗಿ 2014ರಲ್ಲಿ ಜಮ್ಮು-ಕಾಶ್ಮೀರದ ರಣಜಿ ತಂಡವನ್ನು ವಹಿಸಿಕೊಂಡರು. ಆ ವರ್ಷದ ಡಿಸೆಂಬರದಲ್ಲಿಯೇ ಆ ತಂಡವು ನಾಲ್ವತ್ತು ಸಲ ರಣಜಿ ಗೆದ್ದ ಮುಂಬಯಿಯನ್ನು ಅದರದೇ ವಾಂಖೆಡೆ ಮೈದಾನದಲ್ಲಿ ಸೋಲಿಸಿತು.

ಇದಕ್ಕಿಂತ ಶೀಘ್ರ ಫಲ ಯಾವುದಿದ್ದೀತು? ಆದರೆ ಮಗ್ಗದ ಮೇಲಿನ ಹಾಸನ್ನೂ ನೋಡಬೇಕು. ಅದಕ್ಕೆ ಕೆಲವು ವರ್ಷಗಳ ಹಿಂದೆ ಬಿಷನ್ ಸಿಂಗ್ ಬೇಡಿಯವರಂಥ ಮಹಾ ಆಟಗಾರರು ಅದೇ ತಂಡಕ್ಕೆ ತರಬೇತು ಕೊಟ್ಟಿದ್ದರು. 2013-14ರ ಋತುವಿನಲ್ಲಿ ಆ ತಂಡ ಕ್ವಾರ್ಟರ್ ಫೈನಲ್ ಹಂತವನ್ನು ಮುಟ್ಟಿತ್ತು. ಅಂದರೆ ಜೋಶಿಯವರು ಕುಳಿತದ್ದು ಹದವಾಗಿ ಬಿಗಿದ ಮಗ್ಗದ ಮುಂದೆ. ಅವರ ಕೈಚಳಕಕ್ಕೆ ಇದರಿಂದ ಕುಂದು ಬರುವುದಿಲ್ಲ. ಇನ್ನೊಂದು ಮಾತು: ಮುಂಬಯಿಯನ್ನು ಸೋಲಿಸಿದ ಆ ಋತುವಿನಲ್ಲಿ ತಂಡವು ಕ್ವಾರ್ಟರ್ ಫೈನಲ್ಲಿಗೆ ಹೋಗಲಿಲ್ಲ. ಒಂದು ಪಂದ್ಯವನ್ನು ನೋಡಿ ಹೊಗಳುವವನು ಋತುವನ್ನು ನೋಡಿ ತೆಗಳಬಹುದಾಗಿತ್ತು. ಎರಡೂ ಅವಸರದ ಮಾತುಗಳೇ ಆಗುತ್ತಿದ್ದವು.

ಒಂದು ವರ್ಷದ ಅಳತೆ ಎಷ್ಟು ಮೋಸದ್ದೆಂಬುದಕ್ಕೆ ನಮ್ಮ ದೇಶದ ಫುಟ್‌ಬಾಲಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯವಿದೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು ವೃತ್ತಿಯಿಂದ ಶಾಲಾ ಶಿಕ್ಷಕರು. ಅವರ ಮಾರ್ಗದರ್ಶನದಲ್ಲಿ ಭಾರತವು 1951ರ ದಿಲ್ಲಿಯ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಪಡೆಯಿತು. ಮರುವರ್ಷ, 1952ರಲ್ಲಿ, ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಅದೇ ರಹೀಮರ ತಂಡ ಯುಗೋಸ್ಲಾವಿಯದ ಎದುರು ಹತ್ತು ಗೋಲುಗಳಿಗೆ ಒಂದರಂತೆ ಸೋತಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಅಂದು ಬೂಟಿಲ್ಲದೆ ಬರಿಗಾಲಿನಲ್ಲಿ ಆಡಿದ್ದರು. 1951ರಲ್ಲಿ ಅಳೆದವನಿಗೆ ಈ ಮನುಷ್ಯ ಮಹಾಗುರು. 1952ರಲ್ಲಿ ಅಳೆದವನಿಗೆ ಕೈಲಾಗದವನು. ಮನುಷ್ಯನು ಒಬ್ಬನೇ, ವಿದ್ಯೆಯೂ ಅದೇ. ಒಂದು ವರ್ಷದಲ್ಲಿ ಅವನ ಬುದ್ಧಿ ಕರಗಿಹೋಗಿರಲಾರದು.

ಪುಣ್ಯವಶಾತ್ ಅವರ ಹೆಸರನ್ನು ಹೆಲ್ಸಿಂಕಿಯ ಸೋಲಿನೊಂದಿಗೆ ಕಡತಕ್ಕೆ ಸೇರಿಸಿ ಕಟ್ಟಿಡಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸಿಗೂ ತಂಡವನ್ನು ಸಜ್ಜುಗೊಳಿಸಿದವರು ರಹೀಮರೇ. ಅಲ್ಲಿ ಸೆಮಿಫೈನಲ್ಲಿನಲ್ಲಿ ಮತ್ತೆ ಎದುರಾದದ್ದು ಅದೇ ಯುಗೋಸ್ಲಾವಿಯ. ಈ ಸಲ ಮೊದಲ ಗೋಲು ಹೊಡೆದದ್ದು ಭಾರತ. ಪಂದ್ಯವನ್ನು 4-1ರಿಂದ ಸೋತೆವು ನಿಜ. ಆದರೆ ಹತ್ತು ಗೋಲಿನ ಸೋಲಿಗೂ ಈ ಸೋಲಿಗೂ ಇರುವ ಅಂತರವೇ ನಾಲ್ಕು ವರ್ಷದ ಶಿಕ್ಷಣ. ಭಾರತ ಆ ಕೂಟದಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. 1956 ಮತ್ತು 1960ರ ಒಲಿಂಪಿಕ್ ತಂಡಗಳಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು. 1962ರಲ್ಲಿ ಜಕಾರ್ತದ ಏಷ್ಯಾ ಕೂಟದ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ ತಂದರು. ಆಗ ರಹೀಮರ ದೇಹವನ್ನು ಕ್ಯಾನ್ಸರು ತಿನ್ನುತ್ತಿತ್ತು. 1963ರಲ್ಲಿ ಅವರು ತೀರಿಕೊಂಡರು. ಆ ಕೂಟದಲ್ಲಿ ಭಾರತದ ಫುಟ್‌ಬಾಲಿಗೆ ಅದರ ಮೇಲೆ ಮತ್ತೆ ಚಿನ್ನ ಬಂದಿಲ್ಲ. 1952ರಲ್ಲಿಯೇ ಅವರನ್ನು ಶಾಶ್ವತವಾಗಿ ಮನೆಗೆ ಕಳಿಸಿದ್ದರೆ ನಾವು ಏನನ್ನು ಕಳೆದುಕೊಳ್ಳುತ್ತಿದ್ದೆವೆಂಬುದನ್ನು ವಾಚಕರೇ ಊಹಿಸಲಿ.

ಕಾಲೇಜು ಆಟದ ಹುಚ್ಚು ಅತ್ಯಂತ ಹೆಚ್ಚಾಗಿರುವ ನಾಡೆಂದರೆ ಅಮೇರಿಕ. ಅಲ್ಲಿಯ ಫುಟ್‌ಬಾಲು ನಮ್ಮ ಕಾಲ್ಚೆಂಡಿನಂಥದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಒಬ್ಬರನ್ನೊಬ್ಬರು ಕೆಡಹುವ ಆಟ. ಅಲ್ಲಿನ ವಿಶ್ವವಿದ್ಯಾನಿಲಯಗಳು ಮುಖ್ಯ ತರಬೇತುದಾರನಿಗೆ ಕುಲಪತಿಗಿಂತ ಹೆಚ್ಚಿನ ಸಂಬಳ ಕೊಡುವುದುಂಟು. ಕರಾರು ಮುಗಿಯುವ ಮೊದಲೇ ಬಿಡಿಸಿದರೆ ಕೋಟಿಗಟ್ಟಲೆ ಪರಿಹಾರ ತೆರುವುದೂ ಉಂಟು. ನಿಕ್ ಸೇಬನ್ ಎಂಬ ಹೆಸರಾಂತ ತರಬೇತುದಾರರು 2007ರಲ್ಲಿ ಅಲಬಾಮ ವಿಶ್ವವಿದ್ಯಾನಿಲಯಕ್ಕೆ ಬಂದ ಮೊದಲ ವರ್ಷ ಏಳು ಪಂದ್ಯ ಗೆದ್ದು ಆರನ್ನು ಸೋತರು. ಅದರಲ್ಲಿ ಲೆಕ್ಕಕ್ಕೇ ಇಲ್ಲದ ಒಂದು ಸಣ್ಣ ವಿಶ್ವವಿದ್ಯಾನಿಲಯದ ಕೈಯಲ್ಲಿ ಸ್ವಂತ ಮೈದಾನದಲ್ಲಿ ಸೋತದ್ದೂ ಒಂದು. ಮೂರನೆಯ ವರ್ಷ, 2009ರ ಋತುವಿನಲ್ಲಿ, ಅವರ ತಂಡ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಹಣ, ಕೀರ್ತಿ, ಅನುಭವ ಎಲ್ಲವೂ ಇದ್ದವರಿಗೂ ಮೊದಲ ವರ್ಷ ಮೊದಲ ವರ್ಷವೇ.

ಅದೇ ನಾಡಿನ ಬಾಸ್ಕೆಟ್‌ಬಾಲ್ ತರಬೇತುದಾರ ಜಾನ್ ವುಡನ್‌ರ ಕಥೆ ಇನ್ನೂ ಬೋಧಪ್ರದವಾದುದು. ಮೊದಲು ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದವರು ಅವರು. 1948ರಲ್ಲಿ ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ ಬಂದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದುದು 1964ರಲ್ಲಿ, ಹದಿನಾರನೆಯ ಋತುವಿಗೆ. ಅನಂತರ 1975ರ ಒಳಗೆ ಒಟ್ಟು ಹತ್ತು ಪ್ರಶಸ್ತಿಗಳು ಬಂದವು. ಆದರೆ ಈ ಕಥೆಯನ್ನು ಸೋಮಾರಿತನಕ್ಕೆ ರಕ್ಷೆಯಾಗಿ ಯಾರೂ ಬಳಸಬಾರದು. ಪ್ರಶಸ್ತಿಯಿಲ್ಲದ ಆ ಹದಿನೈದು ವರ್ಷಗಳಲ್ಲಿಯೂ ವುಡನ್‌ರ ತಂಡ ಕುಸಿದು ಕೂತಿರಲಿಲ್ಲ. ಬಂದ ಮೊದಲ ವರ್ಷದಿಂದಲೇ ಸೋತದ್ದಕ್ಕಿಂತ ಗೆದ್ದದ್ದು ಹೆಚ್ಚು. ಬೆಳೆ ತಡವಾಗಿ ಕೈಗೆ ಬಂದಿರಬಹುದು, ಮೊಳಕೆ ತಡವಾಗಿರಲಿಲ್ಲ. ಈ ಭೇದವನ್ನು ನೆನಪಿನಲ್ಲಿಡಬೇಕೆಂದು ವಾಚಕರಲ್ಲಿ ಕೇಳಿಕೊಳ್ಳುತ್ತೇನೆ. ಮುಂದೆ ಇದರ ಪ್ರಯೋಜನವಿದೆ.

ಇಷ್ಟು ದೂರ ಹೋಗಿ ಬಂದ ಮೇಲೆ ನಮ್ಮ ಊರಿಗೇ ಮರಳೋಣ. ಶಿಕ್ಷಣಕ್ಕೆ ಎಷ್ಟು ಕಾಲ ಬೇಕೆಂಬುದನ್ನು ಗದುಗಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಪಂಡಿತ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರಾಗಿದ್ದು, ಕಣ್ಣಿಲ್ಲದ ಮಕ್ಕಳನ್ನೂ ಬಡ ಮಕ್ಕಳನ್ನೂ ಕೂಡಿಸಿಕೊಂಡು ಸಂಗೀತ ಕಲಿಸಿದರು. ಬಸವರಾಜ ರಾಜಗುರುಗಳಂಥ ಗಾಯಕರು ಆ ಗರಡಿಯಲ್ಲಿಯೇ ತಯಾರಾದವರು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದಾಗ ವೀರೇಶ್ವರ ಪುಣ್ಯಾಶ್ರಮದ ಭಾರ ಮೂವತ್ತು ವರ್ಷದ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. ಹಿರಿಯ ಗುರುವಿನ ಜಾಗದಲ್ಲಿ ಬಂದು ನಿಂತ ಹೊಸಬನ ಕಷ್ಟ ಎಂಥದೆಂದು ಊಹಿಸಬಹುದು. ನೂರಾರು ಹೊಟ್ಟೆಗಳಿಗೆ ಅನ್ನ, ಅಷ್ಟೇ ಕಂಠಗಳಿಗೆ ಪಾಠ. ಆಶ್ರಮವನ್ನು ಸಾಗಿಸಲು ನಾಟಕ ಮಂಡಳಿ ಕಟ್ಟಿ, ನಾಟಕ ಬರೆದು, ಊರೂರು ತಿರುಗಿದರು. 2010ರಲ್ಲಿ ದೇಹ ಬಿಡುವ ತನಕ ಅರವತ್ತಾರು ವರ್ಷ ಆ ಪೀಠದಲ್ಲಿದ್ದರು. 1945ರಲ್ಲಿಯೇ ಯಾರಾದರೂ “ನಿಮ್ಮ ಮೊದಲ ವರ್ಷದ ಫಲಿತಾಂಶವೇನು?” ಎಂದು ಕೇಳಿದ್ದರೆ ಅವರೇನು ತೋರಿಸಬಹುದಾಗಿತ್ತು?

ಶಿಷ್ಯನ ಕಡೆಯಿಂದಲೂ ನೋಡಬಹುದು. ಗದುಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ಹರೆಯದಲ್ಲಿ, ಗುರುವನ್ನು ಹುಡುಕುತ್ತ ಮನೆಬಿಟ್ಟು ಹೋದರು. ಗ್ವಾಲಿಯರ್, ಜಲಂಧರ ಎಂದು ಉತ್ತರದ ಊರುಗಳನ್ನೆಲ್ಲ ಅಲೆದು ಬಂದವರಿಗೆ ಗುರು ಸಿಕ್ಕಿದ್ದು ಇಲ್ಲಿಯೇ ಹತ್ತಿರದ ಕುಂದಗೋಳದಲ್ಲಿ. 1936ರಿಂದ 1940ರ ತನಕ ಸವಾಯಿ ಗಂಧರ್ವರ ಮನೆಯಲ್ಲಿದ್ದು ಕಲಿತರು. ಮೊದಲ ಕಚೇರಿ ನಡೆದುದು 1941ರಲ್ಲಿ. ಭೀಮಸೇನರಂಥ ಶಿಷ್ಯನಿಗೂ ಸವಾಯಿ ಗಂಧರ್ವರಂಥ ಗುರುವಿಗೂ ನಾಲ್ಕು ವರ್ಷ ಬೇಕಾದವು. ನಮ್ಮ ಕಾಲೇಜಿನ ತರಬೇತುದಾರನು ಸವಾಯಿ ಗಂಧರ್ವನಲ್ಲ, ನಮ್ಮ ಹುಡುಗರು ಭೀಮಸೇನರಲ್ಲ. ಅವನಿಂದ ಎಂಟು ತಿಂಗಳಲ್ಲಿ ಫಲ ಕೇಳುತ್ತೇವೆ! ಗರಡಿಮನೆಯ ಉಸ್ತಾದನೂ ಇದನ್ನು ಬಲ್ಲ. ಹೊಸ ಹುಡುಗನನ್ನು ಅವನು ಮೊದಲ ವರ್ಷ ಜಾತ್ರೆಯ ಕಣಕ್ಕೆ ಇಳಿಸುವುದಿಲ್ಲ. ಮಣ್ಣು ಅಗೆಸುತ್ತಾನೆ, ಸಾಮು ತೆಗೆಸುತ್ತಾನೆ.

ಇನ್ನು ನಮ್ಮಲ್ಲಿಯ ವಾಸ್ತವ ಸ್ಥಿತಿ. ಕನ್ನಡನಾಡಿನ ಸರಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರನ್ನು ಒಂದು ಶೈಕ್ಷಣಿಕ ವರ್ಷಕ್ಕೆಂದು ತೆಗೆದುಕೊಂಡು ವರ್ಷದ ಕೊನೆಗೆ ಬಿಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಆಟ ಕಲಿಸುವವರ ಗತಿ ಅನೇಕ ಕಡೆಗಳಲ್ಲಿ ಇದಕ್ಕಿಂತ ಭಿನ್ನವಾಗಿಲ್ಲ. ನಾನು ಕಂಡ ಒಂದು ಕಾಲೇಜಿನಲ್ಲಿ ಆರು ವರ್ಷಗಳಲ್ಲಿ ಐದು ಜನ ತರಬೇತುದಾರರು ಬಂದುಹೋದರು. ಒಬ್ಬನು ಖೋಖೋ ಕಟ್ಟಿದ. ಮುಂದಿನವನು ಅದನ್ನು ಬಿಟ್ಟು ವಾಲಿಬಾಲಿನ ಕಂಬ ನೆಟ್ಟ. ಮೂರನೆಯವನು ಬಂದಾಗ ಕಂಬಗಳಿದ್ದವು, ಬಲೆಯಿರಲಿಲ್ಲ. ಹುಡುಗರು ಮೂರು ವರ್ಷದಲ್ಲಿ ಮೂರು ಆಟ ಆರಂಭಿಸಿ ಒಂದನ್ನೂ ಕಲಿಯದೆ ಹೊರಬಿದ್ದರು. ಇವರಲ್ಲಿ ಯಾರೂ ಅಯೋಗ್ಯರಾಗಿರಲಿಲ್ಲ. ಯೋಗ್ಯರೆಂದು ತೋರಿಸಿಕೊಳ್ಳಲು ಯಾರಿಗೂ ಸಮಯ ದೊರೆಯಲಿಲ್ಲ, ಅಷ್ಟೆ.

ಒಂದೇ ವರ್ಷದ ಅವಧಿಯೆಂದು ತಿಳಿದ ತರಬೇತುದಾರನು ಏನು ಮಾಡುತ್ತಾನೆಂಬುದನ್ನೂ ಯೋಚಿಸಬೇಕು. ಅವನು ಕೊನೆಯ ವರ್ಷದ ನಾಲ್ಕಾರು ಬಲಿಷ್ಠರನ್ನು ಹಿಡಿದು, ಅವರನ್ನೇ ಎಲ್ಲ ಪಂದ್ಯಗಳಲ್ಲಿಯೂ ಆಡಿಸುತ್ತಾನೆ; ನೋವಾದ ಕಾಲಿಗೆ ಪಟ್ಟಿ ಕಟ್ಟಿ ಮತ್ತೆ ಕಣಕ್ಕಿಳಿಸುತ್ತಾನೆ. ಮೊದಲ ವರ್ಷದ ಹುಡುಗ ಮೈದಾನದ ಅಂಚಿನಲ್ಲಿ ನಿಂತು ಚೆಂಡು ಹೆಕ್ಕಿಕೊಡುತ್ತಾನೆ. ಅವನಿಗೆ ಕಲಿಸಿ ತನಗೇನು ಲಾಭ? ಆ ಹುಡುಗ ಬೆಳೆಯುವ ಹೊತ್ತಿಗೆ ತಾನು ಅಲ್ಲಿರುವುದಿಲ್ಲ. ವಾರ್ಷಿಕ ಕರಾರು ಹೀಗೆ ಒಳ್ಳೆಯವನನ್ನೂ ಅವಸರದವನನ್ನಾಗಿ ಮಾಡುತ್ತದೆ. ದೋಷ ಮನುಷ್ಯನದೆಂದು ನಾವು ತಿಳಿಯುತ್ತೇವೆ, ಅದು ಅವಧಿಯದು.

ನನ್ನ ವಾದಕ್ಕೆ ಒಂದು ಬಲವಾದ ಆಕ್ಷೇಪಣೆಯಿದೆ. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಾಗದು. “ಸ್ವಾಮಿ, ತರಬೇತುದಾರನಿಗೆ ಮೂರು ವರ್ಷ ಕೊಡೋಣ. ಆದರೆ ವಿದ್ಯಾರ್ಥಿಯ ಕೈಯಲ್ಲಿರುವುದೂ ಮೂರೇ ವರ್ಷ. ಬಂದವನು ಕೆಲಸಗಳ್ಳನಾದರೆ ಒಂದು ಇಡೀ ತಲೆಮಾರಿನ ಹುಡುಗರನ್ನು ಅವನ ತಾಳ್ಮೆಯ ಪರೀಕ್ಷೆಗೆ ಬಲಿಕೊಟ್ಟಂತಾಗಲಿಲ್ಲವೆ?” ಇದು ನ್ಯಾಯವಾದ ಮಾತು. ಮುಂಡರಗಿಯ ಕಡೆಯ ಹಳ್ಳಿಯಿಂದ ಬಸ್ಸು ಹಿಡಿದು ಬರುವ ಹುಡುಗಿಗೆ, “ತಾಳಿದವರು ಬಾಳಿಯಾರು, ನಿನ್ನ ತಂಗಿಯ ಕಾಲಕ್ಕೆ ಎಲ್ಲ ಸರಿಹೋದೀತು” ಎಂದು ಸಮಾಧಾನ ಹೇಳುವ ಹಕ್ಕು ನಮಗಿಲ್ಲ.

ಇದಕ್ಕೆ ನನ್ನ ಉತ್ತರ, ಕಾಲ ಕೊಡುವುದೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ನಮ್ಮ ಎರೆಯ ಹೊಲದ ರೈತನು ಹಿಂಗಾರಿಯ ಜೋಳ, ಕಡಲೆ ಬಿತ್ತಿದ ಮೇಲೆ ಬೀಜವನ್ನು ಕೆದಕಿ ನೋಡುವುದಿಲ್ಲ. ಆದರೆ ಹೊಲದ ಕಡೆ ಹೋಗದೆಯೂ ಇರುವುದಿಲ್ಲ. ಮೊಳಕೆ ಸಾಲುಹಿಡಿಯಿತೆ, ಎಲ್ಲಿ ತೆಳುವಾಯಿತು, ಎಲ್ಲಿ ಹುಳ ಬಿತ್ತು ಎಂದು ನೋಡುತ್ತಾನೆ. ರಾಶಿಯ ಲೆಕ್ಕವನ್ನು ಸುಗ್ಗಿಯಲ್ಲಿ ಕೇಳಬೇಕು, ಮೊಳಕೆಯ ಲೆಕ್ಕವನ್ನು ಮೊದಲ ತಿಂಗಳಿನಲ್ಲಿಯೇ ಕೇಳಬಹುದು. ತರಬೇತುದಾರನ ಕೆಲಸದಲ್ಲಿಯೂ ಬೇಗ ಕಾಣುವ ಗುರುತುಗಳಿವೆ. ಅವು ಬಹುಮಾನದ ಕಪಾಟಿನಲ್ಲಿ ಕಾಣುವಂಥವಲ್ಲ.

ನಾನು ನೋಡುತ್ತಿದ್ದ ಗುರುತುಗಳನ್ನು ಹೇಳುತ್ತೇನೆ. ಸೋತು ಬಂದ ಮರುದಿನ ಬೆಳಿಗ್ಗೆ ಮೈದಾನಕ್ಕೆ ಎಷ್ಟು ಜನ ಬಂದರು? ಗೆದ್ದ ಮರುದಿನ ಎಲ್ಲರೂ ಬರುತ್ತಾರೆ; ಸೋತ ಮರುದಿನ ಬಂದವರ ಎಣಿಕೆಯೇ ತರಬೇತುದಾರನ ನಿಜವಾದ ಅಂಕಪಟ್ಟಿ. ತಂಡಕ್ಕೆ ಆಯ್ಕೆಯಾಗದ ಹುಡುಗನು ಎರಡನೆಯ ತಿಂಗಳೂ ಅಭ್ಯಾಸಕ್ಕೆ ಬರುತ್ತಿದ್ದಾನೆಯೆ? ಸಂಜೆಯ ಬಸ್ಸು ಹಿಡಿದು ಹಳ್ಳಿಗೆ ಮರಳಬೇಕಾದ ಮಕ್ಕಳಿಗಾಗಿ ಅಭ್ಯಾಸದ ಹೊತ್ತನ್ನು ಹೊಂದಿಸಿದ್ದಾನೆಯೆ, ಅಥವಾ ಊರಲ್ಲಿರುವವರಿಗಷ್ಟೇ ಆಟವೆ? ಹುಡುಗಿಯರಿಗೆ ಮೈದಾನದ ಪಾಲು ಸಿಕ್ಕಿದೆಯೆ? ಗಾಯಗೊಂಡವನಿಗೆ ವಿಶ್ರಾಂತಿ ದೊರೆಯುತ್ತದೆಯೆ? ಬೆಳಗಿನ ಓಟ ಮುಗಿಸಿ ಬಂದವರು ನನ್ನ ತರಗತಿಯಲ್ಲಿ ತೂಕಡಿಸುತ್ತಾರೆಯೆ, ಅಥವಾ ಕಣ್ಣರಳಿಸಿ ಕೂಡುತ್ತಾರೆಯೆ? ಈ ಪ್ರಶ್ನೆಗಳಿಗೆ ಉತ್ತರ ದೊರೆಯಲು ಮೂರು ವರ್ಷ ಬೇಕಾಗಿಲ್ಲ. ಒಂದೂವರೆ ವರ್ಷ ಸಾಕು. ಇವೆಲ್ಲಕ್ಕೂ “ಇಲ್ಲ” ಎಂಬ ಉತ್ತರ ಬಂದರೆ ಅಂಥವನು ಕಪ್ಪು ಗೆದ್ದಿದ್ದರೂ ಅವನನ್ನು ಬಿಡಿಸಬಹುದು. “ಹೌದು” ಎಂದು ಬಂದರೆ, ಎಷ್ಟೇ ಪಂದ್ಯ ಸೋತಿದ್ದರೂ ಅವನನ್ನು ಉಳಿಸಿಕೊಳ್ಳಬೇಕು.

ಆದುದರಿಂದ ನನ್ನ ಸಲಹೆ ಇಷ್ಟು. ಕಾಲೇಜಿನ ತರಬೇತುದಾರನನ್ನು ತೆಗೆದುಕೊಳ್ಳುವುದಾದರೆ ಮೂರು ವರ್ಷಕ್ಕೆ ಕಡಮೆಯಿಲ್ಲದಂತೆ ತೆಗೆದುಕೊಳ್ಳತಕ್ಕದ್ದು. ಮೊದಲ ವರ್ಷ ಸೋಲು-ಗೆಲುವಿನ ಮಾತೆತ್ತಬಾರದು. ಎರಡನೆಯ ವರ್ಷದ ನಡುವೆ ಪ್ರಾಚಾರ್ಯರೂ ಇಬ್ಬರು ಅಧ್ಯಾಪಕರೂ ಕೂಡಿ ಮೇಲಿನ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರೆದಿಡಬೇಕು, ವಿದ್ಯಾರ್ಥಿಗಳನ್ನೂ ಕೇಳಬೇಕು. ಮೂರನೆಯ ವರ್ಷ ಪಂದ್ಯಗಳ ಫಲವನ್ನು ನೋಡಬೇಕು. ಆಗಲೂ ಕಪ್ಪು ಬಂದಿತೆ ಎಂದು ಕೇಳದೆ, ಮೊದಲ ವರ್ಷಕ್ಕಿಂತ ತಂಡ ಎಷ್ಟು ಮುಂದೆ ಬಂದಿದೆಯೆಂದು ಕೇಳಬೇಕು. ಹೆಲ್ಸಿಂಕಿಯ ಹತ್ತು ಗೋಲಿನಿಂದ ಮೆಲ್ಬರ್ನಿನ ನಾಲ್ಕು ಗೋಲಿಗೆ ಬಂದಂತೆ. ತೃಪ್ತಿಯಾದರೆ ಇನ್ನೂ ಮೂರು ವರ್ಷ ಕೊಡಬೇಕು. ನಾಲ್ಕನೆಯ ವರ್ಷ ಅವನು ತಾನೇ ಆರಿಸಿ ತಂದ ಹುಡುಗರು ಕೊನೆಯ ತರಗತಿಗೆ ಬಂದಾಗ ಪೂರ್ಣ ಲೆಕ್ಕ ಕೇಳಬೇಕು. ಆಗ ಅವನು ಯಾರ ಮೇಲೂ ನೆಪ ಹಾಕುವಂತಿಲ್ಲ. ಹಾಸೂ ಅವನದೇ, ಹೊಕ್ಕೂ ಅವನದೇ.

“ಇದಕ್ಕೆಲ್ಲ ಹಣವೆಲ್ಲಿದೆ?” ಎಂದು ಕೇಳುವ ಆಡಳಿತಗಾರರಿಗೆ ಒಂದು ಮಾತು. ಐದು ಜನರಿಗೆ ಒಂದೊಂದು ವರ್ಷ ಕೊಟ್ಟ ಸಂಬಳವೂ ಒಬ್ಬನಿಗೆ ಐದು ವರ್ಷ ಕೊಟ್ಟ ಸಂಬಳವೂ ಮೊತ್ತದಲ್ಲಿ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ಐದು ಆರಂಭಗಳು ದೊರೆಯುತ್ತವೆ. ಎರಡನೆಯದರಲ್ಲಿ ಒಂದು ತಂಡ ದೊರೆಯುತ್ತದೆ. 1905ರಲ್ಲಿ ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿ, ಇಡೀ ದೇಶಕ್ಕೆ ದಾರಿ ತೋರಿಸಿದರು. ಸಣ್ಣ ಮೊತ್ತವನ್ನು ದೀರ್ಘಕಾಲ ನಂಬಿಕೆಯಿಂದ ತೊಡಗಿಸಿದರೆ ಏನಾಗುತ್ತದೆಂಬುದನ್ನು ಕಂಡ ಸೀಮೆ ನಮ್ಮದು. ದುಡ್ಡಿಗೆ ತೋರಿಸಿದ ಆ ನಂಬಿಕೆಯನ್ನು ಮನುಷ್ಯನಿಗೂ ತೋರಿಸಬಹುದಲ್ಲವೆ?

ಆಟದ ವಿಷಯವ್ಯಾಜದಿಂದ ನಾನು ಹೇಳಿದುದು ಆಟಕ್ಕಷ್ಟೇ ಸೇರಿದ್ದಲ್ಲವೆಂದು ಅಧ್ಯಾಪಕ ಬಂಧುಗಳಿಗೆ ತಿಳಿದಿರುತ್ತದೆ. ಹೊಸ ಪ್ರಾಚಾರ್ಯ, ಹೊಸ ಗ್ರಂಥಪಾಲಕ, ಮೊದಲ ಸಲ ತರಗತಿಯ ಮುಂದೆ ನಿಂತ ತರುಣ ಉಪನ್ಯಾಸಕ ಇವರೆಲ್ಲರೂ ಇನ್ನೊಬ್ಬರ ಹಾಸಿನ ಮೇಲೆಯೇ ಕೆಲಸ ಆರಂಭಿಸುವವರು. ಅವರ ಫಲವನ್ನು ಅವರು ಕಲಿಸಿದವರಲ್ಲಿ ನೋಡಬೇಕಲ್ಲದೆ, ಅವರಿಗೆ ದೊರೆತವರಲ್ಲಿ ನೋಡಬಾರದು.

ಪ್ರತಿವರ್ಷವೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಿನ ಹಳ್ಳಿಗಳಿಂದ ಹೊಸ ಹುಡುಗರು, ಹುಡುಗಿಯರು ಕಾಲೇಜಿಗೆ ಬರುತ್ತಾರೆ. ಅವರಲ್ಲಿ ಕೆಲವರಾದರೂ ಒಂದು ದಿನ ಅಳುಕುತ್ತ ಮೈದಾನದ ಅಂಚಿಗೆ ಬಂದು ನಿಲ್ಲುತ್ತಾರೆ. ಅಲ್ಲಿ ಒಬ್ಬನು ಅವರ ಹೆಸರು ಕೇಳಿ ಬರೆದುಕೊಳ್ಳುತ್ತಾನೆ. ಮೂರು ವರ್ಷ ಕಳೆದು ಅವರು ಕೊನೆಯ ಪಂದ್ಯ ಆಡಿ ಹೊರಡುವ ದಿನ, ಆ ಹೆಸರು ಬರೆದುಕೊಂಡವನೇ ಅಲ್ಲಿ ನಿಂತಿರುವಂತೆ ನೋಡಿಕೊಳ್ಳಬೇಕೆಂದು ನಮ್ಮ ಸಂಸ್ಥೆಗಳ ಹಿರಿಯರಲ್ಲಿ ನನ್ನ ವಿನಂತಿ. ಗೆದ್ದರೋ ಸೋತರೋ ಎಂಬ ಮಾತನ್ನು ಆಮೇಲೆ ಆಡೋಣ.